ಟಾಕಿಯ ಮುಚ್ಚಳ

ಆ ದಿನ ಹುಲ್ಲು ಕೊಯ್ಯುವ ಯಂತ್ರದ ಟಾಕಿಗೆ ಪೆಟ್ರೋಲ್ ಸುರಿದವನು ನಾನು. ಮುಚ್ಚಳವನ್ನು ನೆಟ್ಟಗೆ ಕೂಡಿಸದೆ ಬಿಟ್ಟವನೂ ನಾನೇ. ಬೆಂಕಿ ಹತ್ತಿದ್ದು ಅದರಿಂದ. ಕೈ ಸುಟ್ಟುಕೊಂಡವರು, ಕೆಲಸ ಕಳೆದುಕೊಂಡವರು, ಊರಿನ ಬಾಯಲ್ಲಿ ತಪ್ಪಿತಸ್ಥರಾದವರು ಮಾತ್ರ ಫಕ್ಕೀರಪ್ಪ ಮಿಸ್ತ್ರಿ. ಏಳು ವರ್ಷ ಇದನ್ನು ನಾನು ಯಾರ ಮುಂದೆಯೂ ಹೇಳಲಿಲ್ಲ. ಹೋದ ತಿಂಗಳು ಹೇಳಿದೆ — ಮೊದಲು ಅವರಿಗೆ, ಆಮೇಲೆ ನಮ್ಮ ಸಾಹುಕಾರರಿಗೆ, ಕೊನೆಗೆ ಫಕ್ಕೀರಪ್ಪನವರ ಮಗಳಿಗೆ. ಈಗ ಬರೆದೂ ಇಡುತ್ತಿದ್ದೇನೆ. ಬರೀ ಬಾಯಿಂದ ಹೇಳಿದ್ದು ದಿನ ಕಳೆದಂತೆ ನನಗೆ ಅನುಕೂಲವಾಗುವ ಹಾಗೆ ಬದಲಾಗಿಬಿಡಬಹುದು. ಆ ವಿಷಯದಲ್ಲಿ ನನ್ನನ್ನು ನಾನು ನಂಬುವುದಿಲ್ಲ.

ಕನ್ನಡ ನಾಡು ಒಂದಾಗುವುದಕ್ಕೆ ಮೂರ್ನಾಲ್ಕು ವರ್ಷ ಮೊದಲಿನ ಮಾತು. ಗಜೇಂದ್ರಗಡದ ಹೊರಗೆ, ರೋಣದ ರಸ್ತೆಗೆ ಹತ್ತಿಕೊಂಡು, ಸಾಹುಕಾರರ ಹತ್ತಿ ಜಿನ್ನು — ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆ. ಅವರು ನನಗೆ ದೂರದ ಸೋದರಮಾವ. ಮ್ಯಾಟ್ರಿಕ್ ಮುಗಿಸಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು ಕರೆದು ಜಿನ್ನಿನ ಅಂಗಳದ ಮೇಲ್ವಿಚಾರಣೆಗೆ ಇಟ್ಟುಕೊಂಡಿದ್ದರು. ಬಂದ ಗಾಡಿಗಳನ್ನು ಸಾಲಾಗಿ ನಿಲ್ಲಿಸುವುದು, ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಒಟ್ಟಿಸುವುದು, ಬೀಡಿ ಸೇದುವವರನ್ನು ಹೊರಗೆ ಕಳಿಸುವುದು — ಇಷ್ಟೇ ಕೆಲಸ. ಆದರೆ ಕೀಲಿ ಗೊಂಚಲು ನನ್ನ ಸೊಂಟದಲ್ಲಿತ್ತು. ಇಪ್ಪತ್ತಾರರ ವಯಸ್ಸಿಗೆ ಅದು ಸಣ್ಣ ವಿಷಯವಾಗಿರಲಿಲ್ಲ.

ಹಿಂಗಾರಿ ಮಳೆಗೆ ಆ ಅಂಗಳದಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆಯುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಒಣಗಿ ಕಾಗದದಂತಾಗುತ್ತಿತ್ತು. ಅದೇ ಹೊತ್ತಿಗೆ ಹತ್ತಿ ಬರಲು ಶುರು. ಒಣ ಹುಲ್ಲು, ಅದರ ಮೇಲೆ ಹತ್ತಿ — ಒಂದು ಕಿಡಿ ಸಾಕು. ಆಳುಗಳು ಎತ್ತರದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದರೂ ಕೂಳೆ ಉಳಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಯಾವನೋ ಬಿಳಿಯ ಅಧಿಕಾರಿಯ ಬಂಗಲೆಯ ಸಾಮಾನು ಹರಾಜಾದಾಗ ಸಾಹುಕಾರರು ಪೆಟ್ರೋಲಿನಿಂದ ನಡೆಯುವ ಒಂದು ಹುಲ್ಲಿನ ಯಂತ್ರ ತಂದರು. ಹಗ್ಗ ಸುತ್ತಿ ಎಳೆದರೆ ಗುಡುಗುತ್ತ ಎದ್ದು, ಮುಂದಿನ ಉರುಳೆಯ ಅಲಗುಗಳು ಕೂಳೆಯನ್ನು ನೆಲಮಟ್ಟಕ್ಕೆ ಕತ್ತರಿಸುತ್ತ ಹೋಗುತ್ತಿದ್ದವು. ಬೆಂಕಿ ತಡೆಯಲೆಂದೇ ತಂದ ಯಂತ್ರ ಅದು.

ಅದನ್ನು ನೋಡಿಕೊಳ್ಳುತ್ತಿದ್ದವರು ಫಕ್ಕೀರಪ್ಪ. ಮುಶಿಗೇರಿಯವರು, ಜಿನ್ನಿನ ಎಂಜಿನ್ನಿಗೂ ಅವರೇ ಮಿಸ್ತ್ರಿ. ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಅವರೇನೂ ಅನ್ನುತ್ತಿರಲಿಲ್ಲ.

ಯಂತ್ರವನ್ನು ಅವರು ಸಜ್ಜು ಮಾಡುವುದನ್ನು ನಿಂತು ನೋಡಿದ್ದೇನೆ, ಎಷ್ಟೋ ಸಲ. ಮೊದಲು ಅಂಗಳದಲ್ಲಿ ಒಂದು ಸುತ್ತು ಹಾಕಿ ಕಲ್ಲು, ತಂತಿ, ಮೊಳೆ ಹೆಕ್ಕಿ ತೆಗೆಯುವರು. ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ಎರಡನ್ನೂ ದೂರದ ಗೋಡೆಯ ಮೇಲಿಟ್ಟು ಬರುವರು. ಯಂತ್ರವನ್ನು ಹುಲ್ಲಿಲ್ಲದ ಬರಿ ನೆಲಕ್ಕೆ ತಳ್ಳಿ, ಅಂಗೈ ಹಿಂಬದಿಯನ್ನು ಎಂಜಿನ್ನಿನ ಹತ್ತಿರ ಹಿಡಿದು ಬಿಸಿ ಇದೆಯೋ ನೋಡುವರು. ಎಣ್ಣೆಯ ಮಟ್ಟ ನೋಡುವರು. ಆಮೇಲೆ ಲಾಳಿಕೆಗೆ ತೆಳು ಬಟ್ಟೆ ಕಟ್ಟಿ, ಅವಸರವಿಲ್ಲದೆ ಪೆಟ್ರೋಲ್ ಸುರಿಯುವರು — ಟಾಕಿ ತುಂಬಿ ತುಳುಕುವಷ್ಟಲ್ಲ, ಮೇಲೆ ಒಂದು ಗೆಣ್ಣು ಜಾಗ ಬಿಟ್ಟು. ಮುಚ್ಚಳ ತಿರುಗಿಸಿ ಹೆಬ್ಬೆರಳಿನಿಂದ ಮತ್ತೊಮ್ಮೆ ಒತ್ತಿ ನೋಡುವರು. ಹನಿ ಬಿದ್ದಿದ್ದರೆ ಒರೆಸಿ ಆರಲು ಬಿಡುವರು. ಪೆಟ್ರೋಲಿನ ಡಬ್ಬಿಯನ್ನು ಹಿಂದಿನ ತಗಡಿನ ಕೋಣೆಯಲ್ಲಿಟ್ಟು ಕೀಲಿ ಹಾಕಿ ಬಂದು, ಯಂತ್ರವನ್ನು ಸುರಿದ ಜಾಗದಿಂದ ಹತ್ತು ಹೆಜ್ಜೆ ಆಚೆ ಎಳೆದೊಯ್ದು, ಆಗ ಹಗ್ಗಕ್ಕೆ ಕೈ ಹಾಕುವರು.

ಒಮ್ಮೆ ನಾನು ನಕ್ಕಿದ್ದೆ. "ಇಷ್ಟು ಪೂಜಿ ಗುಡಿಯಾಗೂ ಮಾಡಂಗಿಲ್ಲ ಮಿಸ್ತ್ರಿ."

ಅವರೂ ನಕ್ಕರು. "ಬಿಸಿ ಮಷೀನಿಗೆ ಪೆಟ್ರೋಲ್ ಕುಡಸಬಾರದ್ರಿ ಶಂಕ್ರಪ್ಪಾರ. ಓಡಿ ಬಂದ ಎತ್ತಿಗೂ ದಮ್ಮು ಆರೂತನಕ ನೀರು ತೋರಸಂಗಿಲ್ಲ, ಹೌದಿಲ್ಲ? ಇದಕ್ಕೂ ಹಂಗ."

ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ — ಅದಕ್ಕಾಗಿ ಇದನ್ನು ಬರೆದೆ. ನನಗೆ ಎಲ್ಲವೂ ಗೊತ್ತಿತ್ತು.

ಆ ದಿನ ಮಧ್ಯಾಹ್ನ ಮುಂಬೈಯ ಅರಳೆ ಖರೀದಿದಾರರನ್ನು ಕರೆದುಕೊಂಡು ಸಾಹುಕಾರರು ಬರುವವರಿದ್ದರು. ಸವಡಿಯಿಂದ ಎರಡು ಗಾಡಿ ಹತ್ತಿ ಆಗಲೇ ಬಂದು ಇಳಿದಿತ್ತು. ಫಕ್ಕೀರಪ್ಪ ಮುಂಜಾನೆಯಿಂದ ಯಂತ್ರ ಓಡಿಸಿ, ಊಟದ ಹೊತ್ತಿಗೆ ನಿಲ್ಲಿಸಿ, "ಟಾಕ್ಯಾಗ ಇನ್ನೂ ತಾಸು ತಾಸೂವರಿ ನಡಿಯೂವಷ್ಟು ಐತ್ರಿ, ಉಂಡು ಬಂದು ಹಚ್ತೀನಿ" ಅಂದು ಬೇವಿನ ಮರದ ಕಡೆ ಬುತ್ತಿ ಹಿಡಿದು ಹೋದರು.

ನನಗೆ ಒಂದು ಯೋಚನೆ ಬಂತು. ಮುಂಬೈಯಿಂದ ಬಂದ ಪಾಹುಣೇರು ನೋಡುತ್ತ ನಿಂತಾಗ ಯಂತ್ರ ನಡುವೆ ನಿಂತುಬಿಟ್ಟರೆ? ಅಂಗಳ ನನ್ನದು, ಮರ್ಯಾದೆ ನನ್ನದು... ಖರೇ ಹೇಳಬೇಕೆಂದರೆ ಅದೂ ಪೂರ್ತಿ ಕಾರಣವಲ್ಲ. ಆ ಕೆಲಸ ನನ್ನಿಂದಲೂ ಆಗುತ್ತದೆ, ಅದಕ್ಕೇನು ಅಷ್ಟೊಂದು ಪೂಜೆ ಬೇಕು ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ತಗಡಿನ ಕೋಣೆಯ ಇನ್ನೊಂದು ಕೀಲಿ ನನ್ನ ಹತ್ತಿರ ಇತ್ತು. ಡಬ್ಬಿ ತಂದೆ. ಟಾಕಿಯ ಮುಚ್ಚಳ ತೆಗೆಯಲು ಹೋದರೆ ಅದು ಜಗ್ಗಲಿಲ್ಲ, ಅಷ್ಟು ಗಟ್ಟಿ. ಎರಡೂ ಕೈ ಹಚ್ಚಿ ತಿರುಗಿಸಿ ತೆಗೆದೆ. ಲಾಳಿಕೆ ಹುಡುಕಲಿಲ್ಲ. ಡಬ್ಬಿಯಿಂದಲೇ ಸುರಿದೆ. ಕಂಠಮಟ್ಟ ತುಂಬಿ ಹೊರಗೆ ಚೆಲ್ಲಿತು. ಕಾದ ಹೊಗೆಕೊಳವೆಯ ಮೇಲೆ ಬಿದ್ದು ಚುಂಯ್ ಅಂದಿತು. ಹೆದರಿ ಮುಚ್ಚಳವನ್ನು ಹೇಗೋ ಇಟ್ಟು ತಿರುಗಿಸಿದೆ. ಅರ್ಧ ಸುತ್ತು ಹೋಗಿ ಓರೆಯಾಗಿ ಸಿಕ್ಕಿಕೊಂಡಿತು. ಗಟ್ಟಿಯಾಯಿತು ಅಂದುಕೊಂಡೆ — ಅಲ್ಲ, ಅಂದುಕೊಳ್ಳಲು ಬಯಸಿದೆ. ಧೋತರದ ಚುಂಗಿನಿಂದ ಒರೆಸಿ, ಡಬ್ಬಿಯನ್ನು ಒಳಗಿಟ್ಟು ಕೀಲಿ ಹಾಕಿದೆ. ಯಾರೂ ನೋಡಲಿಲ್ಲ.

ಫಕ್ಕೀರಪ್ಪ ಕೈ ತೊಳೆದು ಬಂದರು. ಎಂದಿನಂತೆ ಯಂತ್ರದ ಸುತ್ತ ನೋಡಲು ಬಗ್ಗಿದರು.

"ಲಗೂ ಹಚ್ಚು ಮಿಸ್ತ್ರಿ, ಸಾಹುಕಾರ್ರು ಬರೂ ಹೊತ್ತಾತು" ಅಂದೆ.

"ಒಮ್ಮಿ ನೋಡಿ ಹಚ್ತೀನ್ರಿ."

"ಮುಂಜಾನಿ ನೋಡೀಯಲ್ಲ, ಮತ್ತೇನ್ ನೋಡೂದು ಅದರಾಗ? ಹಚ್ಚು ಅಂದ್ರ ಹಚ್ಚು."

ನೋಡಿದ್ದರೆ ಅವರಿಗೆ ತಿಳಿಯುತ್ತಿತ್ತು. ಆ ಒಂದು ಕ್ಷಣವನ್ನೂ ನಾನೇ ಕಸಿದುಕೊಂಡೆ. ಅವರು ಹಗ್ಗ ಎಳೆದರು. ಎರಡನೆಯ ಎಳೆತಕ್ಕೆ ಯಂತ್ರ ಅಲುಗಾಡುತ್ತ ಎದ್ದಿತು, ನಾಲ್ಕು ಹೆಜ್ಜೆ ಹೋಯಿತು, ಮುಚ್ಚಳ ಕಳಚಿ ಹಾರಿತು. ಪೆಟ್ರೋಲ್ ಚಿಮ್ಮಿದ್ದು ನನಗೆ ಕಾಣಲಿಲ್ಲ. ಉರಿ ಮಾತ್ರ ಕಂಡಿತು. ಅವರು ಓಡಿಹೋಗಬಹುದಿತ್ತು. ಓಡಲಿಲ್ಲ. ಹತ್ತಿಯ ಒಟ್ಟಿಲು ಇದ್ದದ್ದು ಎದುರಿಗೇ — ಉರಿಯುವ ಯಂತ್ರದ ಹಿಡಿಕೆಯನ್ನು ಬಲಗೈಯಿಂದ ಹಿಡಿದು ಆಚೆ ತಿರುಗಿಸಿ, ಬರಿ ನೆಲಕ್ಕೆ ತಳ್ಳಿ, ಆಮೇಲೆ ಬಿಟ್ಟರು. ಅಷ್ಟರಲ್ಲಿ ಕೂಳೆಗೆ ಹತ್ತಿದ ಉರಿ ಒಟ್ಟಿಲಿನ ಅಂಚಿಗೆ ಮುಟ್ಟಿತ್ತು. ಆಳುಗಳೆಲ್ಲ ಸೇರಿ ಮಣ್ಣು ಎರಚಿ, ಹಸಿ ಗೋಣಿತಟ್ಟು ಬಡಿದು ಆರಿಸಿದೆವು. ಹದಿನೈದೋ ಹದಿನಾರೋ ಅಂಡಿಗೆ ಹೋದವು. ಉಳಿದದ್ದೆಲ್ಲ ಉಳಿದದ್ದು ಅವರು ಹಿಡಿಕೆ ತಿರುಗಿಸಿದ್ದರಿಂದ. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ.

ಸಾಹುಕಾರರು ಬಂದಾಗ ಹೊಗೆ ಇನ್ನೂ ಏಳುತ್ತಿತ್ತು. ಫಕ್ಕೀರಪ್ಪನವರ ಕೈಗೆ ಯಾರೋ ಒದ್ದೆ ಬಟ್ಟೆ ಸುತ್ತಿದ್ದರು.

"ಟಾಕಿ ಯಾರ್ ತುಂಬಿದ್ರು?"

"ನಾನ ತುಂಬೀನ್ರಿ. ಮುಂಜಾನಿ."

"ಮುಚ್ಚಳ?"

"ಹಾಕೀನ್ರಿ..." ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ಹಾಕೀನಿ ಅನಸ್ತೈತ್ರಿ."

ಆ 'ಅನಸ್ತೈತಿ' ಎಂಬ ಮಾತಿನಲ್ಲಿ ನನಗೆ ದಾರಿ ಸಿಕ್ಕಿತು. ಹುಲ್ಲಿನಲ್ಲಿ ಬಿದ್ದಿದ್ದ ಮುಚ್ಚಳವನ್ನು ನಾನು ಎತ್ತಿಕೊಂಡಿದ್ದೆ. ಅದನ್ನು ಮುಂದೆ ಹಿಡಿದು ಹೇಳಿದೆ — "ಮುಚ್ಚಳ ಸಡ್ಲ ಇತ್ರಿ ಮಾವಾರ. ನನ್ನ ಕಣ್ಣೀಲೆ ನೋಡೀನಿ."

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಎಷ್ಟೋ ವರ್ಷ ನಾನು ಇದನ್ನೇ ಹಿಡಿದುಕೊಂಡು ಕುಳಿತಿದ್ದೆ — ನಾನೇನು ಸುಳ್ಳು ಹೇಳಲಿಲ್ಲವಲ್ಲ ಎಂದು.

"ನಾಳಿಂದ ಬರಬ್ಯಾಡ" ಎಂದರು ಸಾಹುಕಾರರು. ಫಕ್ಕೀರಪ್ಪ ತಲೆಯಾಡಿಸಿದರು, ಗಾಡಿ ಹತ್ತಿ ರೋಣದ ದವಾಖಾನೆಗೆ ಹೋದರು. ಹೋಗುವಾಗ ನನ್ನ ಕಡೆ ನೋಡಿ "ಯಂಗ ಮರತನ್ರಿ ನಾ?" ಎಂದು ಕೇಳಿದರು. ನನ್ನ ಮೇಲೆ ಅನುಮಾನವಿದ್ದು ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು.

ನಾನು ಗಾಡಿಯವನಿಗೆ ಹೊರಡು ಎಂದು ಕೈ ಮಾಡಿದೆ.

ಮುಂದಿನ ಏಳು ವರ್ಷದಲ್ಲಿ ನಾನು ಜಿನ್ನಿನ ಮ್ಯಾನೇಜರನಾದೆ. ಮದುವೆಯಾದೆ. ಮುಶಿಗೇರಿ ಏನು ದೂರವೇ — ಮುಂಜಾನೆ ಎದ್ದು ನಡೆದರೆ ಬಿಸಿಲೇರುವುದರೊಳಗೆ ಮುಟ್ಟುವ ಊರು. ಆ ದಾರಿಯಲ್ಲಿ ಕೆಲಸ ಬಿದ್ದಾಗೆಲ್ಲ ಬೇರೆಯವರನ್ನು ಕಳಿಸಿದೆ. ಅವರ ಕೈ ಹೇಗಿದೆ ಎಂದು ಒಂದು ಸಲವೂ ಕೇಳಿಸಲಿಲ್ಲ. ಕೇಳಿದರೆ ತಿಳಿದುಬಿಡುತ್ತದಲ್ಲ...

ಹೋದ ತಿಂಗಳು ಜಿನ್ನಿಗೆ ಹೊಸ ಎಂಜಿನ್ ಬಂತು. ಬಂದ ಮಿಸ್ತ್ರಿಗಳು ಯಾರೂ ಸಾಹುಕಾರರ ಮನಸ್ಸಿಗೆ ಹಿಡಿಸಲಿಲ್ಲ. "ಆ ಫಕ್ಕೀರಪ್ಪನ್ನ ಕರಸೋ ಶಂಕ್ರ. ಒಮ್ಮಿ ತಪ್ಪಿದಾಂತ ಮನಶಾನ್ನ ಜಲ್ಮಪೂರ್ತಿ ಬಿಡಾಕ್ ಬರತೈತೇನು?" ಅಂದರು. ಗಾಡಿಯವನ ಕೈಯಲ್ಲಿ ಹೇಳಿ ಕಳಿಸಿದೆ. ಬರುವುದಿಲ್ಲ ಎಂದರೆ ಸಾಕು, ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಗಾಡಿಯವನು ಉತ್ತರ ತಂದ.

"ಒಲ್ಲೆ ಅಂದಾರ್ರಿ. 'ಮುಚ್ಚಳ ಹಾಕೂದು ಮರತ ಕೈ ಇದು, ನನಗ ಇದರ ಮ್ಯಾಲ ಭರೋಸಾ ಇಲ್ಲ, ಮತ್ತೊಬ್ಬರ ಜಿನ್ನಿಗೆ ಯಾಕ ಬೆಂಕಿ ಇಡ್ಲಿ' ಅಂದಾರ."

ಬರುವುದಿಲ್ಲ ಎಂಬುದೇ ನಾನು ಬೇಡಿದ ಉತ್ತರ. ಅದು ಸಿಕ್ಕಿತ್ತು. ಅವರು ನನ್ನನ್ನು ಶಪಿಸುತ್ತಿರಬಹುದು, ಸಾಹುಕಾರರನ್ನು ಬೈಯುತ್ತಿರಬಹುದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅದನ್ನು ನಾನು ಹೇಗೋ ತಡೆದುಕೊಂಡಿದ್ದೆ. ಅವರು ನನ್ನ ಮಾತನ್ನು ನಂಬಿದ್ದರು — ತಮಗಿಂತ ಹೆಚ್ಚಾಗಿ ನನ್ನನ್ನು ನಂಬಿದ್ದರು — ಎಂಬುದು ನನ್ನ ತಲೆಗೆ ಎಂದೂ ಬಂದಿರಲಿಲ್ಲ.

ಮರುದಿನ ಮುಂಜಾನೆ ಹೊರಟೆ. ಫಕ್ಕೀರಪ್ಪ ಮನೆಯ ಕಟ್ಟೆಯ ಮೇಲೆ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಬಲಗೈಯ ಎರಡು ಬೆರಳು ಮಡಚಿಕೊಂಡು ಅಂಗೈಗೆ ಅಂಟಿದ್ದವು. ನನ್ನನ್ನು ಕಂಡು ಎದ್ದು ನಿಂತರು. ಅವರ ಹೆಂಡತಿ ನೀಲವ್ವ ನೀರು, ಬೆಲ್ಲ ತಂದಿಟ್ಟರು. ನಾನು ಕೂರಲಿಲ್ಲ. ಕೂತರೆ ಬೇರೆ ಮಾತು ಆಡಿಬಿಡುತ್ತೇನೆ ಎಂಬ ಹೆದರಿಕೆ.

"ಫಕ್ಕೀರಪ್ಪನವರ, ಆವತ್ತ ಮಧ್ಯಾಹ್ನ ಟಾಕಿಗೆ ಪೆಟ್ರೋಲ್ ಹಾಕಿದಾಂವ ನಾನ್ರಿ. ನೀವು ಉಣ್ಣಾಕ ಹೋದಾಗ. ಮುಚ್ಚಳ ಸಡ್ಲ ಬಿಟ್ಟಾಂವನೂ ನಾನ."

ಅವರು ಹಗ್ಗ ಕೆಳಗಿಟ್ಟರು. ಆಮೇಲೆ ಅವರು ಕೇಳಿದ್ದು ನಾನು ಎಣಿಸಿದ್ದೊಂದೂ ಅಲ್ಲ.

"ಮಷೀನು ಬಿಸಿ ಇತ್ತೇನ್ರಿ?"

"ಇತ್ರಿ."

"ಲಾಳಕಿ?"

"ಇಟ್ಟಿದ್ದಿಲ್ರಿ."

"ಕಂಠಮಟ ಹಾಕಿದ್ರ್ಯಾ?"

"ಹೌದ್ರಿ. ಚೆಲ್ಲತು. ಮುಚ್ಚಳ ಓರೆ ಕುಂತು ಅರ್ಧ ಸುತ್ತಿಗೆ ನಿಂತುಬಿಡ್ತು."

"ಆಟಿ ಕೂಡಿಲ್ಲ ಅದರದು" ಎಂದರು, ಮುಚ್ಚಳದ ತಿರುಪಿನ ಗೆರೆಗಳ ಬಗ್ಗೆ ತಮಗೇ ಹೇಳಿಕೊಳ್ಳುವಂತೆ. ಅವರ ಕಣ್ಣು ಬೇರೆಲ್ಲೋ ಇದ್ದವು — ಆ ಯಂತ್ರವನ್ನೇ ಎದುರಿಗಿಟ್ಟುಕೊಂಡು ನೋಡುತ್ತಿರುವ ಹಾಗೆ. ಬಳಿಕ ನಿಧಾನವಾಗಿ ಕೇಳಿದರು. "ಹಂಗಾರ... ಮುಂಜಾನಿ ನಾ ಹಾಕಿದ್ದು?"

"ಗಟ್ಟಿ ಇತ್ರಿ. ತಗ್ಯಾಕ ನನಗ ಎರಡೂ ಕೈ ಹಚ್ಚಬೇಕಾತು."

"ಎರಡೂ ಕೈ?"

"ಎರಡೂ ಕೈ."

ಅವರು ನಕ್ಕರು. ಮೊದಲು ಉಸಿರು ಬಿಟ್ಟಂತೆ ಒಂದು ಸಣ್ಣ ನಗೆ. ಆಮೇಲೆ ತಡೆಯಲಾಗದೆ, ಕಟ್ಟೆಯ ಮೇಲೆ ಕುಸಿದು ಕುಳಿತು, ಕಣ್ಣಿಂದ ನೀರು ಇಳಿಯುವವರೆಗೆ ನಕ್ಕರು. "ಏ ನೀಲೀ, ಕೇಳೀಯಿಲ್ಲ? ಗಟ್ಟಿ ಇತ್ತಂತ! ನಾ ಹಾಕಿದ್ದು ಗಟ್ಟಿ ಇತ್ತಂತ!"

ನೀಲವ್ವ ನಗಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದರು. "ಒಲಿ ಆರಿಸೀನೋ ಇಲ್ಲೋ, ಬಾಗಲಾ ಹಾಕೀನೋ ಇಲ್ಲೋ ಅಂತ ದಿನಾ ಹತ್ತ ಸಲ ಎದ್ದು ನೋಡ್ತಾರ್ರಿ ಈ ಮನಶಾ. ಎತ್ತಿನ ಕಣ್ಣಿ ಕಟ್ಟಿದ ಮ್ಯಾಲೂ ನನ್ನ ಕರದು 'ನೋಡು, ಗಂಟು ಬಿದ್ದೈತೇನು' ಅಂತ ಕೇಳ್ತಾರ" ಅಂದರು. ಆಮೇಲೆ ನನ್ನ ಮುಖ ನೋಡಿ — "ಗಜೇಂದ್ರಗಡದಿಂದ ಮುಶಿಗೇರಿಗೆ ಬರಾಕ ನಿಮಗ ಏಳು ವರ್ಸ ಬೇಕಾತೇನ್ರಿ?"



ನಾನು ಕಾಲು ಮುಟ್ಟಲು ಬಗ್ಗಿದಾಗ ಫಕ್ಕೀರಪ್ಪ ಹಿಂದೆ ಸರಿದರು. "ಬ್ಯಾಡ್ರಿ. ಮಾಫ್ ಮಾಡೀನಿ ಅಂತ ನಾ ಈಗ ಅನ್ನಾಂಗಿಲ್ಲ. ಅದು ಆಗತೈತೋ ಇಲ್ಲೋ ನನಗ ಗೊತ್ತಿಲ್ಲ. ಒಂದು ಕೆಲಸ ಮಾಡ್ರಿ. ನನ್ನ ಮಗಳು ಗಂಗವ್ವ ಪುರ್ತಗೇರ್ಯಾಗ ಅದಾಳ. ಆಕಿ ಮುಂದ ಇದನ್ನ ಹೇಳ್ರಿ. ನಾ ಹೇಳಿದ್ರ, ಅಪ್ಪ ತನ್ನ ಮಾನ ಕಾಯ್ಕೊಳ್ಳಾಕ ಹೇಳ್ತಾನ ಅಂದಾಳು. ನೀವ ಹೇಳಬೇಕು."

ಹೇಳುತ್ತೇನೆ ಎಂದೆ. ಆದರೆ ಅದಕ್ಕೆ ಮೊದಲು ಸಾಹುಕಾರರ ಮುಂದೆ ನಿಲ್ಲಬೇಕಿತ್ತು. ಅಂದು ಸಂಜೆ, ಆಳುಗಳು ಅಂಗಳದಲ್ಲಿ ಇರುವಾಗಲೇ, ಎಲ್ಲರಿಗೂ ಕೇಳುವಂತೆ ಹೇಳಿದೆ. ಒಳಗೆ ಕರೆದು ಹೇಳಿದ್ದರೆ ಮಾವ ಅದನ್ನು ಒಳಗೇ ಮುಚ್ಚಿಬಿಡುತ್ತಿದ್ದರೇನೋ — ನನಗೆ ಆ ಆಸೆಯೂ ಇತ್ತು, ಆದ್ದರಿಂದಲೇ ಹೊರಗೆ ನಿಂತೆ.

"ಅಂವ ಹಿಡಿಕಿ ತಿರುವಿದ್ದ ಅಂತ ಈ ಜಿನ್ನ ಉಳೀತು. ಅಂಥಾವನ್ನ ನಾ ಹೊರಗ ಹಾಕಿದೆ, ನಿನ್ನ ಮಾತ್ ಕೇಳಿ" ಅಂದರು ಮಾವ. ದನಿ ಏರಿಸಲಿಲ್ಲ. "ಕೀಲಿ ಇಟ್ಟು ಹೋಗು."

ಇಟ್ಟು ಬಂದೆ. ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಅತ್ತಳು, ಆಮೇಲೆ ಅಡಿಗೆಗೆ ಹೋದಳು. ನಾನು ಉಂಡೆ. ಹೊಟ್ಟೆ ತುಂಬ ಉಂಡೆ — ನಾಚಿಕೆಯಿಂದಲೇ ಬರೆಯುತ್ತೇನೆ. ಕೆಲಸ ಹೋದ ದಿನ ಮನುಷ್ಯ ಹೀಗೆ ಉಣ್ಣುತ್ತಾನೆಯೇ? ಆದರೆ ಹಾಗೇ ಆಯಿತು. ಮರುದಿನವೇ ಸಾಹುಕಾರರು ತಾವಾಗಿ ಮುಶಿಗೇರಿಗೆ ಹೋಗಿ ಬಂದರೆಂದು ಕೇಳಿದೆ. ಫಕ್ಕೀರಪ್ಪ ಜಿನ್ನಿಗೆ ತಿರುಗಿ ಬರುವರೋ ಇಲ್ಲವೋ, ಅದು ಅವರ ಇಷ್ಟ.

ಪುರ್ತಗೇರಿಗೆ ಹೋದಾಗ ಗಂಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಕ್ಕದ ಚಾಪೆಯ ಮೇಲೆ ಒಂದು ಕೂಸು, ಇನ್ನೂ ಅಂಬೆಗಾಲು ಹಚ್ಚದ್ದು. ಬೆಂಕಿಯ ದಿನ ಅವಳಿಗೆ ಹನ್ನೆರಡೋ ಹದಿಮೂರೋ ಇರಬೇಕು. ಅವಳ ಅತ್ತೆ, ಗಂಡ ಇಬ್ಬರೂ ಇದ್ದರು. ಅವರ ಮುಂದೆಯೇ ಎಲ್ಲವನ್ನೂ ಹೇಳಿದೆ. ಅವಳು ಮೊರ ಕೆಳಗಿಡದೆ ಕೇಳಿದಳು.

"ಅಪ್ಪಗ ಹೇಳಿದ್ರ್ಯಾ?"

"ಹೇಳೀನವ್ವಾ."

"ಏನಂದಾ?"

"ನಕ್ರು."

ಅವಳು ನಂಬಲಿಲ್ಲ. "ಅಪ್ಪ? ನಕ್ಕಾ?"

"ಕಣ್ಣಾಗ ನೀರು ಬರೂತನಕ ನಕ್ರವ್ವಾ."

ಮೊರ ಇಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಕೂಸು ಹುಟ್ಟಿ ಏಳು ತಿಂಗಳಾತ್ರಿ. ಅಪ್ಪ ಒಮ್ಮಿನೂ ಎತ್ತಿಕೊಂಡಿಲ್ಲ. 'ನನ್ನ ಕೈ ನಂಬಬ್ಯಾಡವಾ, ಬಿಟ್ಟಗಿಟ್ಟೇನು' ಅಂತ ದೂರ ಕುಂತು ನೋಡ್ತಾನ, ಅಷ್ಟ."

ಅವಳು ನನ್ನ ಕಡೆ ಮತ್ತೆ ನೋಡಲಿಲ್ಲ. ನೀರು ಕುಡಿಯಿರಿ ಎನ್ನಲಿಲ್ಲ, ಬೈಯಲೂ ಇಲ್ಲ. ಕೂಸನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಅತ್ತೆಗೆ "ಮುಶಿಗೇರಿಗೆ ಹೋಗಿ ಬರ್ತೀನ್ರಿ" ಎಂದಷ್ಟೇ ಹೇಳಿ, ಹಸನು ಮಾಡುತ್ತಿದ್ದ ಜೋಳವನ್ನು ಅಲ್ಲಿಯೇ ಬಿಟ್ಟು ಹೊರಟಳು. ಗಂಡ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದ.

ಹೊಲದ ದಾರಿಯಲ್ಲಿ ಅವರು ಜೋಳದ ಬೆಳೆಯ ಆಚೆ ಮರೆಯಾಗುವವರೆಗೆ ನೋಡುತ್ತ ನಿಂತೆ. ನನ್ನ ಎದೆ ಹಗುರವಾಗಿತ್ತು — ಏಳು ವರ್ಷದಲ್ಲಿ ಆ ಹಗುರ ನನಗೆ ಗೊತ್ತಿರಲಿಲ್ಲ. ಅದು ನನಗೆ ಸಲ್ಲಬೇಕಾದದ್ದೋ ಅಲ್ಲವೋ, ಹೇಳಲಾರೆ. ಇಷ್ಟು ಮಾತ್ರ ಹೇಳಬಲ್ಲೆ: ಆ ಮಗು ಹುಟ್ಟಿದ ದಿನವೇ ಫಕ್ಕೀರಪ್ಪ ಅದನ್ನು ಎತ್ತಿಕೊಳ್ಳಬಹುದಿತ್ತು. ಎತ್ತಿಕೊಳ್ಳಲು ಬಿಡದವನು ನಾನು.